‘ಆದರೆ’ ತಿಂದವನು

ಬೋರ್ಹಾ ನನ್ನನ್ನು ‘ಅಂಗುಸ್’ ಎಂದು ಕರೆಯುತ್ತಾನೆ. ನನ್ನ ಹೆಸರು ಅಂಗುಸ್ತಿಯಾಸ್. ಗ್ರಾನಡಾ ಊರನ್ನು ಕಾಯುವ ತಾಯಿಯ ಹೆಸರು ಅದು. ಅರವತ್ತಮೂರು ವರ್ಷ ಅದನ್ನು ಪೂರ್ತಿಯಾಗಿ ಹೊತ್ತುಕೊಂಡು ಬಂದಿದ್ದೇನೆ, ಅರ್ಧಕ್ಕೆ ತುಂಡರಿಸಲು ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ಆದರೂ ಮದ್ರಿದ್‌ನಿಂದ ಬಂದು, ನಾಲ್ಕೇ ವರ್ಷದಲ್ಲಿ ಈ ಊರಿನ ಅರ್ಧ ಪ್ರವಾಸಗಳಿಗೆ ಯಜಮಾನನಾದ ಆ ಮೂವತ್ತನಾಲ್ಕರ ಗಂಡಸು ‘ಅಂಗುಸ್’ ಎಂದರೆ ನಾನು ‘ಹೇಳಿ’ ಎನ್ನುತ್ತೇನೆ. ಹೊಟ್ಟೆಪಾಡು. ಪಿಂಚಣಿಗೆ ಇನ್ನೂ ಎರಡು ವರ್ಷ ಬಾಕಿಯಿದೆ.

ನಮ್ಮ ಪ್ರವಾಸದ ಹೆಸರು ‘ಐದು ತುತ್ತು, ನಾಲ್ಕು ನೋಟ’. ದಾರ‍್ರೋ ಹೊಳೆಯ ದಂಡೆಯಿಂದ ಶುರುಮಾಡಿ ಅಲ್ಬೈಸಿನ್ ಗುಡ್ಡ ಹತ್ತುವುದು, ದಾರಿಯಲ್ಲಿ ಐದು ಕಡೆ ತಿನ್ನಿಸುವುದು, ನಾಲ್ಕು ಕಡೆ ನಿಲ್ಲಿಸಿ ಎದುರು ಗುಡ್ಡದ ಅಲ್ಹಾಂಬ್ರಾ ಅರಮನೆಯನ್ನು ತೋರಿಸುವುದು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಅರಮನೆ ಅಲ್ಲೇ ಇದೆ, ಮೊಣಕಾಲು ಮಾತ್ರ ಮೊದಲಿನಂತಿಲ್ಲ.

ಕೆಲಸ ಕಷ್ಟ ಎಂದು ನಾನು ಯಾವತ್ತೂ ಅಂದವಳಲ್ಲ. ಈ ಮಾರ್ಚ್ ತಿಂಗಳವರೆಗೆ ನಾಚಿಕೆಗೇಡು ಎಂದೂ ಅನ್ನಿಸಿರಲಿಲ್ಲ. ಮಾರ್ಚ್‌ನಲ್ಲಿ ಬೋರ್ಹಾ ನನ್ನ ಕೈಗೆ ಒಂದು ಹಾಳೆ ಕೊಟ್ಟ. ನಾಲ್ಕನೆಯ ನೋಟವನ್ನು ಇನ್ನು ಮುಂದೆ ಹಿಪ್ಪನೇರಳೆ ಚೌಕದಲ್ಲಿ ತೋರಿಸಬೇಕು, ಅಲ್ಲಿ ಏಳನೆಯ ನಂಬರಿನ ಮನೆಯ ಮೇಲುಮಾಳಿಗೆಯ ಕಿಟಕಿಗೆ ಬೆರಳು ಮಾಡಿ ಸುಲೀಮಾ ಎಂಬ ರಾಜಕುಮಾರಿಯ ಕತೆ ಹೇಳಬೇಕು. ಅವಳ ನಲ್ಲ ಯುದ್ಧದಲ್ಲಿ ಸತ್ತನಂತೆ. ಅವಳು ಆ ಕಿಟಕಿಯಲ್ಲಿ ನಲವತ್ತು ದಿನ ಅತ್ತು ಅತ್ತು, ಅಲ್ಹಾಂಬ್ರಾ ನೋಡುತ್ತಲೇ ಪ್ರಾಣ ಬಿಟ್ಟಳಂತೆ.

ಆ ಏಳನೆಯ ನಂಬರಿನ ಮನೆಯಲ್ಲಿ ಹುಟ್ಟಿದವಳು ನಾನು. ಆ ಕಿಟಕಿ ನಮ್ಮ ಅಡುಗೆಮನೆಯದು. ಮಾಲೀಕನ ಮಕ್ಕಳು ಮನೆ ಮಾರಿದಾಗ ಅಮ್ಮನನ್ನು ಕರೆದುಕೊಂಡು ಊರಾಚೆಯ ಸೈದಿನ್ ಬಡಾವಣೆಗೆ ಹೋದೆ. ಅಮ್ಮ ಅಲ್ಲಿಯ ನಾಲ್ಕನೇ ಮಹಡಿಯಲ್ಲಿ ಒಂದೂವರೆ ವರ್ಷ ಬದುಕಿದಳು. ಏಳನೆಯ ನಂಬರಿನಲ್ಲಿ ಈಗ ಮೂರು ರಾತ್ರಿಗೊಮ್ಮೆ ಬದಲಾಗುವ ಜನ ಇರುತ್ತಾರೆ, ಅದನ್ನು ಬಾಡಿಗೆಗೆ ಬಿಡುವುದೂ ಬೋರ್ಹಾನ ಕಂಪನಿಯೇ.

ಹಾಳೆ ಓದಿ ಅವನಿಗೆ ಇದನ್ನೆಲ್ಲ ಹೇಳಿದ್ದೆ. ಅವನು ನಕ್ಕ.

“ಅಂಗುಸ್, ನಿಜ ಬೇಕಿದ್ದವರು ಮನೇಲಿ ಕೂತು ಪುಸ್ತಕ ಓದ್ತಾರೆ. ಗುಡ್ಡ ಹತ್ತಿ ಬಂದವರಿಗೆ ಒಂದು ಹನಿ ಕಣ್ಣೀರು ಬೇಕು. ನಿಮ್ಮಮ್ಮ ಈರುಳ್ಳಿ ಹೆಚ್ಚಿ ಅತ್ತಳು ಅಂದ್ರೆ ಯಾರು ದುಡ್ಡು ಕೊಡ್ತಾರೆ?”

ಹಾಳೆಯನ್ನು ಬಾಯಿಪಾಠ ಮಾಡಿಕೊಂಡೆ. ಮೊದಲ ಸಲ ಚೌಕದಲ್ಲಿ, ಮದ್ರಿದ್‌ನ ಗುಂಪೊಂದಕ್ಕೆ ನಮ್ಮ ಮಾತಿನಲ್ಲೇ ಆ ಕತೆ ಹೇಳಿದ ದಿನ, ಒಂಬತ್ತನೆಯ ನಂಬರಿನ ಬಾಲ್ಕನಿಯಲ್ಲಿ ಕುಸ್ತೋದಿಯಾ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ಎಂಬತ್ತಾರರ ಕುಸ್ತೋದಿಯಾ ನಮ್ಮಮ್ಮನ ಜೀವದ ಗೆಳತಿ. ಅಮ್ಮನಿಗೆ ಹಾಲಿಲ್ಲದಾಗ ನನಗೆ ಹಾಲು ಕುಡಿಸಿದವಳು. ನಾನು ರಾಜಕುಮಾರಿಯನ್ನು ಅಳಿಸಿ ಸಾಯಿಸುವವರೆಗೂ ಅವಳು ನೀರಿನ ಚೊಂಬು ಹಿಡಿದು ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಳು. ಅಂದಿನಿಂದ ನನ್ನೊಂದಿಗೆ ಒಂದು ಮಾತಿಲ್ಲ. ‘ಚಿಕ್ಕಮ್ಮಾ’ ಎಂದರೆ ಬೀದಿಯ ಬೆಕ್ಕು ಕೂಗಿತೇನೋ ಎಂಬ ಹಾಗೆ ನೋಡುತ್ತಿದ್ದಳು. ಎರಡು ತಿಂಗಳಲ್ಲಿ ಆ ಕತೆಯನ್ನು ನಲವತ್ತು ಸಲವಾದರೂ ಹೇಳಿದ್ದೇನೆ. ಆ ಮೊದಲ ದಿನದ ನಂತರ ಪ್ರತಿ ಸಲವೂ ಅವಳ ಕಿಟಕಿ ಮುಚ್ಚಿತ್ತು.

ಮೇ ಮೂರು, ಶಿಲುಬೆಯ ಹಬ್ಬ. ಊರಿಗೆ ಊರೇ ಚೌಕಗಳಲ್ಲಿ ಹೂವಿನ ಶಿಲುಬೆ ನಿಲ್ಲಿಸಿ ಕುಣಿಯುವ ದಿನ. ಆ ದಿನವೇ ಬೋರ್ಹಾ ಆರು ಜನ ವಿದೇಶಿ ಏಜೆಂಟರನ್ನು ನನಗೆ ಗಂಟುಹಾಕಿದ. ಅವರು ಮೆಚ್ಚಿದರೆ ವರ್ಷಪೂರ್ತಿ ಬಸ್ಸುಗಟ್ಟಲೆ ಜನ ಬರುತ್ತಾರಂತೆ. ಅವರ ಕೈಯಲ್ಲಿ ಒಂದೊಂದು ಹಾಳೆ. ಒಂದು ಬದಿಗೆ ‘ಇಷ್ಟವಾದದ್ದು’, ಇನ್ನೊಂದು ಬದಿಗೆ ‘ಆದರೆ’.

“ನಿನ್ನ ಹೆಸರಿನ ಮೇಲೆ ಈಗಾಗಲೇ ಎರಡು ‘ಆದರೆ’ ಇದೆ,” ಎಂದು ಬೋರ್ಹಾ ಬೆಳಿಗ್ಗೆ ಫೋನಿನಲ್ಲಿ ನೆನಪಿಸಿದ. “‘ಊಟ ಚೆನ್ನಾಗಿತ್ತು, ಆದರೆ ಗೈಡ್ ನಗಲ್ಲ.’ ‘ನೋಟ ಅದ್ಭುತ, ಆದರೆ ಗೈಡ್ ಸಿಡುಕಿ.’ ಇವತ್ತು ಮೂರನೇದು ಬಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ, ಅಂಗುಸ್. ನಗು. ರಾಜಕುಮಾರಿಯ ಕತೇನ ಚೆನ್ನಾಗಿ ಹೇಳು. ನಾನೂ ಅಲ್ಲಿಗೇ ಬರ್ತೀನಿ.”

ಗ್ರಾನಡಾದವರ ಸಿಡುಕು ಊರಿಗೇ ಗೊತ್ತಿರುವ ಸಂಗತಿ. ನಾವು ಅದನ್ನು ನೀರಿನ ಗುಣ ಎನ್ನುತ್ತೇವೆ. ನೀರಿಗೆ ‘ಆದರೆ’ ಹಾಕುವವನನ್ನು ಅವತ್ತೇ ಮೊದಲು ಕಂಡದ್ದು.

ಮೊದಲ ತುತ್ತು ಸೆಸಿಲಿಯೋನ ಪಾನಗೃಹದಲ್ಲಿ. ಅವನಿಗೆ ಎಪ್ಪತ್ತು. ನಕ್ಕರೆ ಹಲ್ಲು ಬೀಳುತ್ತದೆಯೋ ಎಂಬಂತೆ ಬಾಯಿ ಬಿಗಿದುಕೊಂಡಿರುತ್ತಾನೆ. ನಮ್ಮೂರಲ್ಲಿ ಗ್ಲಾಸು ಕೇಳಿದರೆ ಜೊತೆಗೆ ತಟ್ಟೆ ತಾನಾಗಿ ಬರುತ್ತದೆ, ಬಿಟ್ಟಿ. ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವುದು ಒಲೆಯ ಮುಂದೆ ನಿಂತವನು. ಅವತ್ತು ಬಂದದ್ದು ಪುದೀನದ ಸಾರಿನಲ್ಲಿ ಬೆಂದ ಬಸವನಹುಳು. ಆರು ಜನರಲ್ಲಿ ಎಲ್ಲರಿಗಿಂತ ಎತ್ತರದ ಡಚ್ ಹೆಂಗಸು ಮರೈಕೆ ಅದನ್ನು ನೋಡಿ, ಬೇರೆ ಏನಾದರೂ ಆರಿಸಬಹುದೇ ಎಂದು ಕೇಳಿದಳು. ನಾನು ಸೆಸಿಲಿಯೋನಿಗೆ ದಾಟಿಸಿದೆ.

“ಆರಿಸೋದು ನಾನು, ತಿನ್ನೋದು ಅವರು,” ಎಂದ ಅವನು. “ಗಂಡನ್ನ ಆರಿಸ್ಕೊಂಡಿದಾರಲ್ಲ, ಏನ್ ಉದ್ಧಾರ ಆಯ್ತು ಕೇಳು.”

“ಇವತ್ತಿನ ವಿಶೇಷ ಇದು, ಬಹಳ ಪ್ರೀತಿಯಿಂದ ಮಾಡಿದ್ದಾರೆ,” ಎಂದು ನಾನು ಮರೈಕೆಗೆ ಹೇಳಿದೆ. ಹತ್ತೊಂಬತ್ತು ವರ್ಷದಿಂದ ನಾನು ಹೀಗೇ ಭಾಷಾಂತರ ಮಾಡುತ್ತ ಬಂದವಳು. ಎಲ್ಲರ ಖಾರವನ್ನೂ ನನ್ನ ಬಾಯಲ್ಲಿ ಹಾಕಿಕೊಂಡು, ಸಿಹಿಮಾಡಿ ಆಚೆ ಬಿಡುವುದು.

ಮರೈಕೆ ಕಣ್ಣು ಮುಚ್ಚಿ ಒಂದು ಹುಳು ಹೀರಿದಳು. ಆಮೇಲೆ ಕಣ್ಣು ತೆರೆದು ಹನ್ನೊಂದು ಹೀರಿದಳು. ಸೆಸಿಲಿಯೋ ನೋಡದ ಹಾಗೆ ನೋಡಿ, ಎರಡನೆಯ ಸುತ್ತಿಗೆ ಬದನೆ ಕರಿದು, ಮೇಲೆ ಜೋನಿ ಬೆಲ್ಲ ಸುರಿದು ಕಳಿಸಿದ. ಅವನು ಹೊಗಳುವುದು ಹಾಗೆ.

ಹೊರಡುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ. “ಇವತ್ತೂ ರಾಜಕುಮಾರೀನ ಅಳಿಸ್ತೀಯೇನು?”

“ನನ್ನ ಅನ್ನ ಕಣೋ ಅದು.”

“ಅನ್ನಕ್ಕೇನೂ ಅಂತಿಲ್ಲ. ನಿಮ್ಮಮ್ಮ ಪುರಿ ಆ ಕಿಟಕೀಲಿ ನಿಂತು ಇಡೀ ಬೀದಿಗೆ ಕೇಳೋ ಹಾಗೆ ಬೈಯ್ತಿದ್ದಳು. ಅಷ್ಟು ಒಳ್ಳೆ ಗಂಟಲನ್ನ ನೀನು ಅಳುಮುಂಜಿಗೆ ಕೊಟ್ಟುಬಿಟ್ಟೆಯಲ್ಲ ಅಂತ ಅಷ್ಟೆ.”

ಕಂಪನಿಯ ಕೆಂಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆದೆ.

ಗುಡ್ಡದ ದಾರಿಯಲ್ಲಿ ಎಲ್ಲ ಕಡೆ ಕೆಂಪು ಕಾರ್ನೇಷನ್ ಹೂವಿನ ಶಿಲುಬೆಗಳು. ಹುಡುಗಿಯರು ಚುಕ್ಕಿ ಚುಕ್ಕಿಯ ಲಂಗ ತೊಟ್ಟು ಕುಣಿಯುತ್ತಿದ್ದರು. ಮೂರು ನೋಟ ಮುಗಿಸಿ, ನಾಲ್ಕನೆಯವರೆಗಿನ ತುತ್ತುಗಳನ್ನು ತಿನ್ನಿಸಿ, ನಿಂತ ಕಡೆಯೆಲ್ಲ ನಕ್ಕೆ. ದವಡೆ ನೋಯತೊಡಗಿತು. ಮರೈಕೆ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ಒಮ್ಮೆ ಕೇಳಿದಳು, “ನೀವು ಇಲ್ಲಿಯವರೇನಾ?” ಹೌದು ಎಂದೆ. “ಈ ಗುಡ್ಡದಲ್ಲೇ ಇರ್ತೀರಾ?” ಇಲ್ಲ ಎಂದೆ. ಮುಂದಿನ ಪ್ರಶ್ನೆ ಬರುವ ಮೊದಲೇ ನೀರಿನ ತೊಟ್ಟಿಯೊಂದನ್ನು ತೋರಿಸಿ, ಅದರ ವಯಸ್ಸು ಹೇಳಿಬಿಟ್ಟೆ.

ಹಿಪ್ಪನೇರಳೆ ಚೌಕ ಮುಟ್ಟುವಾಗ ಬಿಸಿಲು ಏರಿತ್ತು. ಚೌಕದ ಅಂಚಿನ ಮೋಟುಗೋಡೆಯ ಮುಂದೆ, ಎದುರಿನ ಅಲ್ಹಾಂಬ್ರಾಕ್ಕೆ ಸರಿಯಾಗಿ ಅಡ್ಡವಾಗಿ, ಕುಸ್ತೋದಿಯಾ ಶಿಲುಬೆ ನಿಲ್ಲಿಸಿದ್ದಳು. ಪ್ರತಿ ವರ್ಷವೂ ಅಲ್ಲೇ. ಸುತ್ತ ಬೆಳಗಿದ ತಾಮ್ರದ ಹಂಡೆಗಳು, ನೀಲಿ ಹಸಿರು ಚಿತ್ರದ ಮಣ್ಣಿನ ತಟ್ಟೆಗಳು, ಅವಳ ಮದುವೆಯ ಕಸೂತಿ ಶಾಲು. ಪಕ್ಕದಲ್ಲಿ ಮೂರು ಕುರ್ಚಿ. ಹನ್ನೊಂದು ಬಾಗಿಲುಗಳ ಆ ಚೌಕದಲ್ಲಿ ಉಳಿದಿರುವುದೇ ಮೂರು ಜನ. ಕುಸ್ತೋದಿಯಾ, ರೊಟ್ಟಿ ಸುಡುವವನ ವಿಧವೆ ಇಲುಮಿನಾದಾ, ಬಸ್ ಓಡಿಸಿ ನಿವೃತ್ತನಾದ ಮಾಕ್ಸಿಮಿನೋ. ಇಲುಮಿನಾದಾ ನನ್ನನ್ನು ನೋಡಿ ಕೈಯೆತ್ತಿದಳು. ಕುಸ್ತೋದಿಯಾ ಶಾಲಿನ ಮಡಿಕೆ ಸರಿಮಾಡತೊಡಗಿದಳು.

“ಈ ಸೇಬಿಗೆ ಕತ್ತರಿ ಯಾಕೆ ಚುಚ್ಚಿದ್ದಾರೆ?” ಎಂದು ಮರೈಕೆ ಕೇಳಿದಳು.

ಶಿಲುಬೆಯ ಬುಡದಲ್ಲಿ, ತಟ್ಟೆಯ ಮೇಲೆ, ಒಂದು ದಪ್ಪ ಸೇಬು. ಅದರ ನೆತ್ತಿಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಅರ್ಧದವರೆಗೆ ಇಳಿದಿತ್ತು. ಹೇಳಿದೆ. ನಮ್ಮ ಮಾತಿನಲ್ಲಿ ‘ಪೇರೊ’ ಎಂದರೆ ‘ಆದರೆ’. ಈ ಜಾತಿಯ ಸೇಬಿಗೂ ‘ಪೇರೊ’ ಎಂದೇ ಹೆಸರು. ಶಿಲುಬೆ ನೋಡಲು ಬಂದವರು ಸುಮ್ಮನೆ ಹೋಗುವುದಿಲ್ಲ. ‘ಚೆನ್ನಾಗಿದೆ, ಆದರೆ ಹೂ ಸಾಲದು’, ‘ಚೆನ್ನಾಗಿದೆ, ಆದರೆ ಸೊಟ್ಟಗಿದೆ’ ಎನ್ನುತ್ತಾರೆ. ಅದಕ್ಕೇ ‘ಆದರೆ’ಯನ್ನೇ ತಂದು ಎದುರಿಗಿಟ್ಟು ಅದಕ್ಕೆ ಕತ್ತರಿ ಚುಚ್ಚಿಬಿಡುವುದು. ಕತ್ತರಿ ಇರುವವರೆಗೆ ಯಾರೂ ಆ ಮಾತು ಎತ್ತುವಂತಿಲ್ಲ. ಬಂದರೂ ನುಂಗಿಕೊಳ್ಳಬೇಕು.

ಆರು ಜನವೂ ನಕ್ಕು ಸೇಬಿನ ಫೋಟೋ ತೆಗೆದುಕೊಂಡರು. ನನಗೆ ನಗು ಬರಲಿಲ್ಲ. ಎಲ್ಲರ ಮುಂದೆ ನಿಂತು ಅದನ್ನು ವಿವರಿಸುತ್ತಿದ್ದಾಗ, ಆ ಕತ್ತರಿ ನನ್ನ ಗಂಟಲಲ್ಲೇ ಇದೆಯಲ್ಲ ಅನ್ನಿಸಿ ಮೈ ಉರಿಯಿತು.

ಅಷ್ಟರಲ್ಲಿ ಬೋರ್ಹಾ ಬಂದ. ಬಿಳಿ ಅಂಗಿ, ಹಿಂದೆ ದೊಡ್ಡ ಕ್ಯಾಮೆರಾ ಹೊತ್ತ ಫೋಟೋದವನು. ಎಲ್ಲರ ಕೈ ಕುಲುಕಿ, ಏಳನೆಯ ನಂಬರಿನ ಬಾಗಿಲಿಗೆ ಒರಗಿ ನಿಂತು, ಚೌಕದ ಕಡೆ ಒಮ್ಮೆ ಕಣ್ಣಾಡಿಸಿದ. ಮುಖ ಗಂಟಾಯಿತು.

“ಈ ಶಿಲುಬೆ ಅಲ್ಹಾಂಬ್ರಾಕ್ಕೆ ಅಡ್ಡ ಬರ್ತಿದೆಯಲ್ಲ. ಅಜ್ಜಿ, ಒಂದೆರಡು ಮೀಟರ್ ಪಕ್ಕಕ್ಕೆ ಸರಿಸೋಣ್ವಾ? ಒಂದು ಗುಂಪು ಫೋಟೋ, ಅಷ್ಟೆ. ಆ ಕುರ್ಚಿಗಳನ್ನೂ.”

“ಅರಮನೇನೇ ಸರಿಸಪ್ಪ,” ಎಂದ ಮಾಕ್ಸಿಮಿನೋ. “ಅದರ ತೂಕ ಕಮ್ಮಿ. ಹಂಡೆ ಬಹಳ ಭಾರ.”

ಬೋರ್ಹಾ ಅದನ್ನು ತಮಾಷೆ ಎಂದುಕೊಂಡು ನಕ್ಕ. ಶಿಲುಬೆಯ ಹತ್ತಿರ ಹೋಗಿ, ಎಲ್ಲಿಂದ ಹಿಡಿದು ಎತ್ತಬಹುದು ಎಂದು ನೋಡುತ್ತಿದ್ದವನ ಕಣ್ಣಿಗೆ ಕತ್ತರಿ ಬಿತ್ತು.

“ಇದೇನಿದು! ಜನ ಓಡಾಡೋ ಜಾಗದಲ್ಲಿ! ಯಾರಿಗಾದ್ರೂ ಚುಚ್ಚಿದ್ರೆ ಕೋರ್ಟು ಅಲೆಯೋನು ನಾನು.” ಸರಕ್ಕನೆ ಕತ್ತರಿ ಕಿತ್ತು ಗೋಡೆಯ ಮೇಲಿಟ್ಟ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಕತ್ತರಿಯನ್ನು ಮತ್ತೆ ಚುಚ್ಚಬಹುದಿತ್ತು, ಮೂವರೂ ಗೊಣಗಿಕೊಂಡು ಕ್ಷಮಿಸುತ್ತಿದ್ದರು. ಆದರೆ ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲವೋ ಏನೋ, ಕೈಗೆ ಬಂದ ಸೇಬನ್ನು ಅಂಗಿಗೆ ಒರೆಸಿಕೊಂಡು ಕರಕ್ ಎಂದು ಕಚ್ಚಿದ. ಅಗಿಯುತ್ತಲೇ ಫೋಟೋದವನಿಗೆ ಎಲ್ಲಿ ನಿಲ್ಲಬೇಕೆಂದು ಸನ್ನೆ ಮಾಡಿದ.

“ತಿಂದ,” ಎಂದಳು ಕುಸ್ತೋದಿಯಾ, ಇಲುಮಿನಾದಾಳ ಕಡೆ ತಿರುಗಿ.

“ಏನು ತಿಂದ?” ಇಲುಮಿನಾದಾಗೆ ಕಣ್ಣು ಮಂಜು.

“ಪೇರೊ. ನಮ್ಮ ಶಿಲುಬೆಯ ಪೇರೊ. ಕಚ್ಚಿಬಿಟ್ಟ ಕಣೇ.”

“ಅಯ್ಯೋ ನಮ್ಮವ್ವ!” ಇಲುಮಿನಾದಾ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಕೇಳಿದಳು, “ಹಾಗಾದ್ರೆ ಇನ್ನು... ಹೇಳಬಹುದಾ?”

“ಕತ್ತರಿ ತೆಗೆದವನು ಅವನು. ತಿಂದವನೂ ಅವನೇ. ಇನ್ನು ನಮಗೆ ಯಾವ ಕಟ್ಟೂ ಇಲ್ಲ.”

ಕುಸ್ತೋದಿಯಾ ನಾಯಕಿಯಾದರೂ ಮೊದಲು ಎದ್ದವನು ಮಾಕ್ಸಿಮಿನೋ. ಮೂವತ್ತಾರು ವರ್ಷ ಬಸ್ ಓಡಿಸಿ ಎಲ್ಲರ ಗೊಣಗಾಟ ಕೇಳಿದವನು, ಅವತ್ತು ತನ್ನ ಸರದಿ ಎಂಬಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನೋಡಪ್ಪಾ ಬೋರ್ಹಾ, ನಿನ್ನ ವ್ಯಾಪಾರ ಬಹಳ ಚೆನ್ನಾಗಿದೆ. ಆದ್ರೆ ನಿನ್ನ ಜನರ ಗಾಲಿ ಪೆಟ್ಟಿಗೆಗಳು ಬೆಳಗಿನ ಜಾವ ಐದು ಗಂಟೆಗೆ ಈ ಕಲ್ಲಿನ ಮೇಲೆ ಗಡಗಡ ಅಂತ ಉರುಳ್ತವೆ. ನಾನು ಸತ್ತ ಮೇಲೆ ನನ್ನ ಪೆಟ್ಟಿಗೇಗೂ ಗಾಲಿ ಹಾಕಿಸು, ನಿನಗೂ ಗೊತ್ತಾಗ್ಲಿ.”

“ನೋಡೋಕೂ ಲಕ್ಷಣವಾಗಿದಾನೆ,” ಎಂದಳು ಇಲುಮಿನಾದಾ. “ಆದ್ರೆ ನಾನು ಸಂಜೆ ಗಾಳಿಗೆ ಕುರ್ಚಿ ಹಾಕ್ಕೊಂಡು ಕೂತ್ರೆ ಇವನ ಕಡೆಯವರು ಬಂದು ನನ್ನ ಫೋಟೋ ಹೊಡೀತಾರೆ. ಕೇಳಲ್ಲ, ಗೀಳಲ್ಲ. ನನ್ನ ಗಂಡ ಇದ್ದಾಗ ಒಂದು ಫೋಟೋ ತೆಗಿಸು ಅಂದ್ರೆ ತೆಗಿಸಲಿಲ್ಲ. ಈಗ ತಲೆ ಬಾಚದೇ ಇರೋ ನನ್ನ ಮುಖ ಜಪಾನಿನಲ್ಲೆಲ್ಲ ಓಡಾಡ್ತಿದೆ!”

ಬೋರ್ಹಾನ ಬಾಯಲ್ಲಿ ಇನ್ನೂ ಸೇಬಿತ್ತು. ನುಂಗಲೂ ಆಗದೆ, ಉಗುಳಲೂ ಆಗದೆ ನಿಂತಿದ್ದ.

“ಏನು ಹೇಳ್ತಿದ್ದಾರೆ ಇವರು?” ಮರೈಕೆ ನನ್ನ ತೋಳು ಮುಟ್ಟಿ ಕೇಳಿದಳು. ಉಳಿದ ಐವರೂ ನನ್ನನ್ನೇ ನೋಡುತ್ತಿದ್ದರು.

“ಸ್ವಾಗತ ಕೋರ್ತಿದಾರೆ ಅಂತ ಹೇಳು, ಅಂಗುಸ್,” ಎಂದ ಬೋರ್ಹಾ ನಗುಮುಖ ಮಾಡಿಕೊಂಡು. “ಹಳೇ ಸಂಪ್ರದಾಯ, ಅತಿಥಿಗಳನ್ನ ಹಾಡಿ ಹೊಗಳೋದು ಅಂತ ಹೇಳು.”

ಬಾಯಿ ತೆರೆದೆ. ಸಿಹಿಮಾಡುವ ಅಭ್ಯಾಸ ತಾನಾಗಿಯೇ ನಾಲಿಗೆಗೆ ಬಂತು. ಅಷ್ಟರಲ್ಲಿ ಕುಸ್ತೋದಿಯಾ ಎದ್ದಳು. ಕೋಲೂರಿಕೊಂಡು ಬೋರ್ಹಾನ ಎದುರು ಬಂದು ನಿಂತಳು. ಅವನ ಎದೆಯಷ್ಟೂ ಎತ್ತರವಿಲ್ಲ ಅವಳು.

“ಹನ್ನೊಂದು ಬಾಗಿಲು ಈ ಚೌಕಕ್ಕೆ,” ಎಂದಳು. “ಬಣ್ಣ ಹಚ್ಚಿಸಿದೀಯ, ದೀಪ ಹಾಕಿಸಿದೀಯ, ಚೆನ್ನಾಗಿದೆ. ಆದ್ರೆ ಮೂರೇ ಮನೇಲಿ ಒಲೆ ಉರಿಯುತ್ತೆ. ಒಂದು ಹಿಡಿ ಉಪ್ಪು ಬೇಕಾದ್ರೆ ನಾನು ಯಾವ ಬಾಗಿಲು ತಟ್ಟಲಿ? ಬಾಗಿಲಲ್ಲಿ ಮನುಷ್ಯರಿಲ್ಲ, ನಂಬರು ಒತ್ತೋ ಬೀಗದ ಡಬ್ಬಿ ಇದೆ. ಡಬ್ಬೀನ ಉಪ್ಪು ಕೇಳ್ಲಾ?”

ನಾನು ಆರು ಜನರ ಕಡೆ ತಿರುಗಿದೆ. ಗಾಲಿ ಪೆಟ್ಟಿಗೆ ಹೇಳಿದೆ, ಶವದ ಪೆಟ್ಟಿಗೆ ಹೇಳಿದೆ. ಬಾಚದ ತಲೆ ಹೇಳಿದೆ. ಉಪ್ಪು ಹೇಳಿದೆ, ಡಬ್ಬಿಯನ್ನು ಬೆರಳು ಮಾಡಿ ತೋರಿಸಿದೆ. ಒಂದು ಅಕ್ಷರ ಬಿಡಲಿಲ್ಲ, ಒಂದು ಚಮಚ ಸಕ್ಕರೆ ಬೆರೆಸಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲ ಸರಿಯಾದ ಭಾಷಾಂತರ. ಏಜೆಂಟರು ನಗಲಿಲ್ಲ. ವಿಮಾನ ಇಳಿದು ನೇರ ಪ್ರವಾಸಕ್ಕೇ ಬಂದಿದ್ದ ಒಬ್ಬ ತನ್ನ ಕೈಯ ಗಾಲಿ ಪೆಟ್ಟಿಗೆಯನ್ನು ಮೆಲ್ಲಗೆ ಕಾಲಿನ ಹಿಂದೆ ಎಳೆದುಕೊಂಡ.

ಬೋರ್ಹಾ ನನ್ನ ಕಿವಿಯ ಹತ್ತಿರ ಬಂದ. ನಗು ಮುಖದಲ್ಲಿ ಹಾಗೇ ಇತ್ತು, ಮಾತು ಹಲ್ಲಿನ ನಡುವಿನಿಂದ ಬಂತು.

“ರಾಜಕುಮಾರಿ. ಈಗಲೇ ಶುರು ಮಾಡು. ಒಂದು ಪದ ಆಚೆ ಈಚೆ ಆದ್ರೆ ನಾಳೆಯಿಂದ ಬರಬೇಡ. ಎರಡು ವರ್ಷ ಬಾಕಿ ಇದೆ ಅಲ್ವಾ ನಿನಗೆ? ಈ ವಯಸ್ಸಲ್ಲಿ ಯಾರು ಕರೀತಾರೆ ನಿನ್ನ?”

ಯಾರೂ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಕತೆ ಶುರುವಾಗುತ್ತದೆಂದು ತಿಳಿದು ಕುಸ್ತೋದಿಯಾ ಬೆನ್ನು ತಿರುಗಿಸಿ ತನ್ನ ಬಾಗಿಲ ಕಡೆ ಹೊರಟಿದ್ದಳು. ಕಿಟಕಿ ಮುಚ್ಚಿಕೊಳ್ಳಲು. ಅವಳ ಕೋಲು ಕಲ್ಲಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಆ ಸದ್ದು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಬೋರ್ಹಾನ ಮೇಲಲ್ಲ, ನನ್ನ ಮೇಲೆ.

“ಆ ಕಿಟಕಿ ನೋಡಿ,” ಎಂದೆ. ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಅತಿಥಿಗಳ ಇಂಗ್ಲಿಷಿನಲ್ಲಿ; ಮುಂದಿನದೆಲ್ಲವನ್ನೂ ಹಾಗೇ ಎರಡೆರಡು ಸಲ ಹೇಳಿದೆ.

ಆರು ತಲೆಗಳು ಮೇಲಕ್ಕೆದ್ದವು. ಬೋರ್ಹಾ ಉಸಿರು ಬಿಟ್ಟ.

“ಆ ಮನೆಯಲ್ಲಿ ಸುಲೀಮಾ ಎಂಬ ರಾಜಕುಮಾರಿ ಅತ್ತು ಸತ್ತಳು ಎಂದು ಹೇಳಲು ನನಗೆ ಸಂಬಳ ಕೊಡುತ್ತಾರೆ. ಬಹಳ ಚಂದದ ಕತೆ. ಆದರೆ ಆ ಕಿಟಕಿಯನ್ನು ಕೊರೆದದ್ದು ನಮ್ಮಪ್ಪ. ನನಗೆ ಆಗ ಐದು ವರ್ಷ. ಒಲೆಯ ಹೊಗೆಗೆ ಅಮ್ಮನಿಗೆ ಕೆಮ್ಮು ನಿಲ್ಲುತ್ತಿರಲಿಲ್ಲ. ಮಾಲೀಕ ಒಪ್ಪಲಿಲ್ಲ, ಮಾಲೀಕ ಊರಲ್ಲಿಲ್ಲದ ಒಂದು ಭಾನುವಾರ ಅಪ್ಪ ಗುದ್ದಲಿ ತಂದು ಗೋಡೆ ಒಡೆದ. ಸೋಮವಾರ ಮಾಲೀಕ ಬಂದು ಕೂಗಾಡಿದ. ಅಮ್ಮ ಆ ತೂತಿನಿಂದ ತಲೆ ಹೊರಗೆ ಹಾಕಿ, ಮುಚ್ಚೋದಾದ್ರೆ ನನ್ನ ತಲೆ ಸೇರಿಸಿ ಮುಚ್ಚು ಅಂದಳು. ಇಡೀ ಬೀದಿಗೆ ಕೇಳಿತು. ಯಾರೂ ಮುಚ್ಚಲಿಲ್ಲ.”

ಕೋಲಿನ ಸದ್ದು ನಿಂತಿತ್ತು. ನಾನು ಆ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ನಿಲ್ಲುತ್ತಿತ್ತು.

“ಅವಳ ಹೆಸರು ಪುರಿ. ಆ ಕಿಟಕಿಯಲ್ಲಿ ಅವಳು ಒಂದು ದಿನವೂ ಅತ್ತದ್ದನ್ನು ನಾನು ಕಂಡಿಲ್ಲ. ಬೈದದ್ದನ್ನು ಕಂಡಿದ್ದೇನೆ, ಹಾಡಿದ್ದನ್ನು ಕಂಡಿದ್ದೇನೆ, ಬಟ್ಟೆ ಒಣಗಿಸಿದ್ದನ್ನು ಕಂಡಿದ್ದೇನೆ. ಅತ್ತದ್ದು ಈ ಮನೆ ಬಿಟ್ಟ ಮೇಲೆ, ಎದುರು ಬರೀ ಗೋಡೆ ಕಾಣುವ ನಾಲ್ಕನೇ ಮಹಡಿಯಲ್ಲಿ. ಆ ಅಳುವನ್ನು ನಾನು ರಾಜಕುಮಾರಿಗೆ ಕೊಡುವುದಿಲ್ಲ. ಇಲ್ಲಿ, ಇದೇ ಕಿಟಕಿಯಲ್ಲಿ ಕೂತು ಅಮ್ಮ ಬಂಗುಡೆ ಮೀನು ಕೊಯ್ದು, ಕರುಳನ್ನು ಕೆಳಗಿನ ಬೆಕ್ಕುಗಳಿಗೆ ಎಸೆಯುತ್ತಿದ್ದಳು. ಎದುರಿಗೇ ಅಲ್ಹಾಂಬ್ರಾ ಇತ್ತು. ಅವಳು ಅದರ ಕಡೆ ನೋಡಿದ್ದೂ ಕಡಿಮೆ. ನೋಡಿ ಮುಗಿಸಿದ್ದಳು.”

ಮರೈಕೆ ಕೈಯಲ್ಲಿದ್ದ ಹಾಳೆಯನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟಳು. ಅದರಲ್ಲಿ ಏನು ಬರೆದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಬೂತಾಯಿ,” ಎಂದಿತು ಒಂದು ದನಿ ಹಿಂದಿನಿಂದ.

ಕುಸ್ತೋದಿಯಾ ತನ್ನ ಬಾಗಿಲ ಮುಂದೆ ನಿಂತು ನನ್ನ ಕಡೆ ಕೋಲು ಚಾಚಿದ್ದಳು. ಎರಡು ತಿಂಗಳ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು.

“ಎಲ್ಲ ಸರಿಯಾಗಿ ಹೇಳ್ದೆ. ಆದ್ರೆ ಬಂಗುಡೆ ಅಲ್ಲ ಕಣೇ, ಬೂತಾಯಿ. ಬಂಗುಡೆ ತರೋಕೆ ನಿಮ್ಮಪ್ಪನ ಹತ್ರ ದುಡ್ಡೆಲ್ಲಿತ್ತು? ಹೇಳೋದಾದ್ರೆ ನೆಟ್ಟಗೆ ಹೇಳು.”

“ಬೂತಾಯಿ,” ಎಂದು ನಾನು ಆರು ಜನರಿಗೂ ತಿದ್ದಿ ಹೇಳಿದೆ. ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಮತ್ತೊಂದು ಸಲ ಜೋರಾಗಿ ಹೇಳಿದೆ.

“ಮುಗೀತು, ಅಂಗುಸ್,” ಎಂದ ಬೋರ್ಹಾ. ಈಗ ನಗು ಇರಲಿಲ್ಲ. “ಕೊಡೆ ಕೊಡು.”

ಕೊಟ್ಟೆ. “ಅಂಗುಸ್ತಿಯಾಸ್,” ಎಂದೆ. “ಕೆಲಸದಿಂದ ತೆಗೆಯೋ ಕಾಗದದಲ್ಲಾದ್ರೂ ಪೂರ್ತಿ ಬರಿ.”

ಅವನು ಅತಿಥಿಗಳ ಕಡೆ ತಿರುಗಿ, ಐದನೆಯ ತುತ್ತು ಕೆಳಗಿನ ಹೋಟೆಲಿನಲ್ಲಿದೆ, ತಣ್ಣಗಿನ ಕೋಣೆ ಕಾಯ್ದಿರಿಸಿದೆ, ಅದಕ್ಕೂ ಮೊದಲು ಒಂದೇ ಒಂದು ಫೋಟೋ ಎಂದು ಹೇಳತೊಡಗಿದ. ಫೋಟೋದವನು ಕ್ಯಾಮೆರಾ ಏರಿಸಿದ. ಇಲುಮಿನಾದಾ ಆಗಲೇ ಒಳಗಿಂದ ಉಪ್ಪು ಹರಳು ಉದುರಿಸಿದ ರೊಟ್ಟಿಯನ್ನೂ ಒಂದು ಬುಟ್ಟಿ ಹಸಿ ಅವರೆಕಾಯಿಯನ್ನೂ ತಂದಿದ್ದಳು. ಆ ದಿನ ಎಲ್ಲರ ಮನೆಯಲ್ಲೂ ಅದೇ ಊಟ. ಬುಟ್ಟಿಯನ್ನು ಮರೈಕೆಯ ಎದೆಗೆ ಒತ್ತಿ, ಸಿಪ್ಪೆ ಸುಲಿಯುವುದು ಹೇಗೆಂದು ಬೆರಳಿನಲ್ಲಿ ತೋರಿಸಿದಳು. ಮರೈಕೆ ಮೋಟುಗೋಡೆಯ ಮೇಲೆ ಕುಳಿತು ಸುಲಿಯತೊಡಗಿದಳು. ಅವಳ ಪಕ್ಕದಲ್ಲಿ ಗಾಲಿ ಪೆಟ್ಟಿಗೆಯವನೂ ಕುಳಿತ. ಉಳಿದ ನಾಲ್ವರು ಬೋರ್ಹಾನ ಕಡೆಗೂ ಬುಟ್ಟಿಯ ಕಡೆಗೂ ನೋಡುತ್ತ ನಿಂತರು.

ನಾನೂ ನಿಂತಿದ್ದೆ. ಕೈಯಲ್ಲಿ ಕೊಡೆಯಿಲ್ಲ, ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಕುಸ್ತೋದಿಯಾ ತನ್ನ ಕುರ್ಚಿಗೆ ಬಂದು ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡಳು.

“ನೀನ್ಯಾಕೆ ಕಂಬದ ಹಾಗೆ ನಿಂತಿದೀಯ? ನೀನೇನು ನೋಟ ನೋಡೋಕೆ ಬಂದವಳಾ? ಒಳಗೆ ಹೋಗಿ ಒಂದು ಕುರ್ಚಿ ತಗೊಂಡ್ ಬಾ. ಎಲ್ಲಿರುತ್ತೆ ಅಂತ ನಿನಗೆ ಹೇಳಿಕೊಡಬೇಕಾ?”

ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಹೋಗಿ, ಒಲೆಯ ಪಕ್ಕದ ಗೋಡೆಗೆ ಒರಗಿಸಿದ್ದ ಹುಲ್ಲುಹೆಣಿಗೆಯ ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ತಂದೆ. ಬೋರ್ಹಾ ಫೋಟೋದವನಿಗೆ “ಈಗ, ಈಗ ತೆಗಿ” ಎನ್ನುತ್ತಿದ್ದ. ನಾನು ನೇರ ಹೋಗಿ, ಅವನ ಕ್ಯಾಮೆರಾಕ್ಕೂ ಅಲ್ಹಾಂಬ್ರಾಕ್ಕೂ ನಟ್ಟನಡುವೆ ಕುರ್ಚಿ ಹಾಕಿ, ಕಾಲು ಚಾಚಿ ಕೂತೆ.